ಉಪ್ಪಿಟ್ಟನ್ನು ಸಂಬಳವೆಂದು ಬರೆದುಕೊಂಡ ಕಚೇರಿಗೆ

ಪರವಾನಗಿ ಮೇಜಿನ ಆಚೆ ಕೂತಿರುವ ಮಾನ್ಯರೇ,

ನಮ್ಮ ಮನೆಯ ಉಪ್ಪಿಟ್ಟನ್ನು ನೀವು ಸಂಬಳವೆಂದು ತೀರ್ಮಾನಿಸಿದ್ದೀರಿ. ಆ ಆಧಾರದ ಮೇಲೆ, ನರ್ಸಿಂಗ್ ಕೊನೆಯ ವರ್ಷದಲ್ಲಿರುವ ಈಲೇನ್ ಎಂಬ ಮಂಗಳೂರಿನ ಹುಡುಗಿಗೆ, ಅನುಮತಿಯಿಲ್ಲದೆ ಕೆಲಸ ಮಾಡಿದ್ದಕ್ಕೆ, ಈ ದೇಶದಲ್ಲಿದ್ದು ಓದಲು ನೀವೇ ಕೊಟ್ಟ ವಿದ್ಯಾರ್ಥಿ ಪಾಸನ್ನು ಏಕೆ ರದ್ದು ಮಾಡಬಾರದು ಎಂದು ಹದಿನಾಲ್ಕು ದಿನಗಳ ನೋಟಿಸು ಕೊಟ್ಟಿದ್ದೀರಿ. ಅದರಲ್ಲಿ ಒಂಬತ್ತು ದಿನ ಈ ಪತ್ರಕ್ಕೇ ಹೋಯಿತು. ಬಲಗೈ ಸ್ವಾಧೀನದಲ್ಲಿಲ್ಲದ ನಾನು ಇದನ್ನು ಎಡಗೈಯ ಒಂದೇ ಬೆರಳಿನಿಂದ ಮೊಬೈಲಿನಲ್ಲಿ ಒತ್ತಿದ್ದೇನೆ. ಇಷ್ಟು ದಿನದಲ್ಲಿ ಸಿಟ್ಟು ಆರಿರಬಹುದು ಎಂದು ಮಾತ್ರ ದಯವಿಟ್ಟು ಭಾವಿಸಬೇಡಿ.

ನೀವು ಕನ್ನಡ ಓದುವುದಿಲ್ಲವೆಂದು ಬಲ್ಲೆ. ಇದು ನೈರೋಬಿಯ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಬರುತ್ತದೆ. ನಿಮ್ಮ ಪ್ರತಿಯನ್ನು ನನ್ನ ಮೊಮ್ಮಗಳು ಅಮೂಲ್ಯ ಇಂಗ್ಲಿಷಿಗೆ ತಿರುಗಿಸುತ್ತಾಳೆ. "ಅಜ್ಜಿ, ದಿಸ್ ಈಸ್ ಟೂ ರೂಡ್" ಎಂದು ಅವಳು ಆಗಲೇ ಎರಡು ಸಲ ಹೇಳಿದ್ದಾಳೆ. ಬೈಗುಳ ಇರುವ ಕಡೆಯೆಲ್ಲ 'ಗೌರವಪೂರ್ವಕವಾಗಿ' ಎಂದು ಸೇರಿಸುತ್ತಾಳಂತೆ. ನಿಮಗೆ ಬರುವ ಪ್ರತಿಯಲ್ಲಿ ಗೌರವ ಎಷ್ಟೆಷ್ಟು ಸಲ ಬಂದಿದೆ ಎಂದು ನೋಡಿಕೊಂಡರೆ ನನ್ನ ಮನಸ್ಸು ತಿಳಿಯುತ್ತದೆ.

ನಾನು ಶ್ರೀರಂಜನಿ. ಮೈಸೂರಿನ ತಾಲ್ಲೂಕು ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತೆಯಾಗಿದ್ದೆ. ಜನರ ಅರ್ಜಿಗಳಲ್ಲಿ ತಪ್ಪು ಹುಡುಕಿ ಹಿಂದಿರುಗಿಸುವುದೇ ನನ್ನ ಕಸುಬು. ಆದ್ದರಿಂದ ನಿಮ್ಮನ್ನು ನಾನು ಹೊರಗಿನವಳಂತೆ ಬೈಯುತ್ತಿಲ್ಲ, ಸಹೋದ್ಯೋಗಿಯ ಸಲಿಗೆಯಿಂದ ಬೈಯುತ್ತಿದ್ದೇನೆ. ಮಗಳು ಇಂದುವಿಗೆ ಇಲ್ಲಿ ಟೆಲಿಕಾಂ ಕಂಪನಿಯಲ್ಲಿ ಕೆಲಸ. ಅವಳ ರಿವರ್‌ಸೈಡ್ ಫ್ಲಾಟಿಗೆ ಬಂದು ಎರಡು ವರ್ಷವಾಗಿತ್ತು. ಒಂದು ಬೆಳಿಗ್ಗೆ ಕಾಫಿ ಲೋಟ ಕೈಜಾರಿತು. ಲೋಟದ ಹಿಂದೆ ನಾನೂ ಬಿದ್ದೆ. ಲಕ್ವ ನನ್ನ ಬಲಗೈಯನ್ನೂ, ಶಾಲೆಯಿಂದ ಕಲಿತಿದ್ದ ಇಂಗ್ಲಿಷನ್ನೂ ಒಟ್ಟಿಗೆ ಹೊತ್ತುಕೊಂಡು ಹೋಯಿತು. ಕನ್ನಡ ಮಾತ್ರ ಪೂರ್ತಿ ಉಳಿಯಿತು. ಅದರಲ್ಲೂ ಬೈಗುಳ ಒಂದೂ ಹೋಗಿಲ್ಲ.

ನನ್ನ ಆರೈಕೆಗೆ ಮೊದಲು ಇಲ್ಲಿಯವಳೇ ಆದ ಮುಥೋನಿಯನ್ನು ಗೊತ್ತುಮಾಡಿದೆವು. ಬಂಗಾರದಂಥ ಹೆಣ್ಣುಮಗಳು. ಆದರೆ ನಾನು ನೀರು ಕೇಳಿದರೆ ಅವಳು ಕಿಟಕಿ ತೆಗೆಯುವಳು, ಬಚ್ಚಲಿಗೆ ಹೋಗಬೇಕೆಂದರೆ ಟಿವಿ ಹಾಕುವಳು. ಬೆರಳು ಮಡಚು, ಭುಜ ಎತ್ತಬೇಡ ಎಂದು ಅವಳು ಹೇಳಿದ್ದು ನನಗೆ ತಿಳಿಯುತ್ತಿರಲಿಲ್ಲ. ನಾನು ಬೈದಿದ್ದು ಅವಳಿಗೆ ತಿಳಿಯುತ್ತಿರಲಿಲ್ಲ, ಅದು ಒಳ್ಳೆಯದೇ ಆಯಿತು. ಐದನೆಯ ದಿನ ಅವಳೇ ನನ್ನ ಕೈಹಿಡಿದು ಅತ್ತು ಹೊರಟಳು. ತಪ್ಪು ಅವಳದಲ್ಲ, ನನ್ನದೂ ಅಲ್ಲ.

ಆಮೇಲೆ ಸಂಘದ ಯುಗಾದಿ ಊಟದಲ್ಲಿ ಈಲೇನ್ ಸಿಕ್ಕಿದಳು. ಲಂಗಾಟಾದಲ್ಲಿ ಸೋದರತ್ತೆ ರೊಸಲಿನ್ ಮನೆಯಲ್ಲಿದ್ದುಕೊಂಡು ಓದುವ ಹುಡುಗಿ. ಮನೆಯಲ್ಲಿ ಕೊಂಕಣಿ, ಕಾಲೇಜಿನಲ್ಲಿ ಇಂಗ್ಲಿಷ್, ವಾರ್ಡಿನಲ್ಲಿ ಸ್ವಾಹಿಲಿ, ನನ್ನ ಪುಣ್ಯಕ್ಕೆ ಕನ್ನಡ. ಮನೆ ಆರೈಕೆಯ ಕೆಲಸಕ್ಕೆ ಅನುಮತಿ ಕೊಡಿ ಎಂದು ಮಗಳು ಇಂದು ಅವಳ ಪರವಾಗಿ ನಿಮಗೆ ಅರ್ಜಿ ಹಾಕಿದಳು. ಅನುಮತಿ ಬರುವ ತನಕ ಒಂದು ಕಾಸೂ ಮುಟ್ಟುವುದಿಲ್ಲ ಎಂದು ಹುಡುಗಿ ಹಟ ಹಿಡಿದಳು. ಶನಿವಾರ ಮಾತ್ರ ಮಟಾಟು ವ್ಯಾನು ಹಿಡಿದು ನೋಡಲು ಬರುವಳು.

"ಆಂಟಿ, ಇವತ್ತು ಕೈ ಎಂತ ಹೇಳ್ತದೆ?"

"ಏನ್ ಹೇಳತ್ತಮ್ಮಾ, ಸರ್ಕಾರಿ ರಜ ಅಂತ ಮಲಗಿದೆ."

"ಮಲಗ್ಲಿಕ್ಕೆ ಬಿಡ್ಬೇಡಿ ಮಾರಾಯ್ರೆ. ಈ ಹಿಟ್ಟು ಹಿಡ್ಕೊಳ್ಳಿ, ಹಿಚುಕಿ. ಹೆದರ್ಬೇಡಿ, ಬರ್ತದೆ."

ಚಪಾತಿ ಹಿಟ್ಟಿನ ಉಂಡೆಯಿಂದ ಶುರುವಾಗಿ ನಾನು ಪೆನ್ನಿಗೆ ಬಂದೆ. ಅಭ್ಯಾಸಕ್ಕೆ ನನ್ನ ಸಹಿಯನ್ನೇ ಆರಿಸಿದಳು. ನೌಕರಿ ಸೇರಿದ ದಿನದಿಂದ ನನ್ನದು ಕನ್ನಡ ಸಹಿ, ಪಾಸ್‌ಪೋರ್ಟಿನಲ್ಲೂ ಅದೇ. 'ಶ್ರೀ' ಬರುವುದಕ್ಕೆ ಎರಡು ತಿಂಗಳು ಹಿಡಿಯಿತು. 'ರಂ' ಅಕ್ಷರದ ಸೊನ್ನೆ ಸರಿಯಾಗಿ ಮುಚ್ಚಿಕೊಂಡ ಶನಿವಾರ ನಾವಿಬ್ಬರೂ ಕುಣಿದೆವು. ಅಂದರೆ ಅವಳು ಕುಣಿದಳು, ನಾನು ಕುರ್ಚಿಯಲ್ಲೇ ಎಡಗಾಲು ಬಡಿದೆ.

ಇಲ್ಲೊಂದು ಸಣ್ಣ ಸಂದೇಹ. ಇದೇ ಹುಡುಗಿ ಆಸ್ಪತ್ರೆಯ ವಾರ್ಡಿನಲ್ಲಿ ಮೂವತ್ತು ಜನರಿಗೆ ಇಂಜೆಕ್ಷನ್ ಕೊಡುತ್ತಾಳೆ, ಗಾಯ ತೊಳೆಯುತ್ತಾಳೆ, ಮೈ ಒರೆಸುತ್ತಾಳೆ. ಅದು ನಿಮ್ಮ ಪುಸ್ತಕದಲ್ಲಿ ವಿದ್ಯಾಭ್ಯಾಸ. ನನ್ನೊಬ್ಬಳ ಹೆಬ್ಬೆರಳನ್ನು ನನ್ನದೇ ಸೋಫಾದ ಮೇಲೆ ಮಡಚಿದರೆ ಅದು ಅಪರಾಧ. ಹೆಬ್ಬೆರಳಿಗೂ ಸೋಫಾಕ್ಕೂ ಏನು ವೈರ? ನಾನು ಅದೇ ವಾರ್ಡಿಗೆ ಹೋಗಿ ಮಲಗಿದರೆ ಅವಳ ಕೈ ಮತ್ತೆ ಶುದ್ಧವಾಗುತ್ತದೆಯೇ?

ಅರ್ಜಿಯ ಸಂಬಂಧ ಮನೆ ನೋಡಲು ನಿಮ್ಮ ಇನ್ಸ್‌ಪೆಕ್ಟರು ಬಂದರು. ಬಹಳ ಮರ್ಯಾದಸ್ಥರು, ಶೂ ಬಾಗಿಲಲ್ಲೇ ಬಿಟ್ಟರು. ಶಾಲೆಗೆ ರಜವಿದ್ದ ಅಮೂಲ್ಯ ನಮ್ಮ ನಡುವೆ ದುಭಾಷಿ. ಆ ಹುಡುಗಿಗೆ ಏನಾದರೂ ಕೊಡುತ್ತೀರಾ ಎಂದು ಅವರು ಕೇಳಿದರು. ಇಲ್ಲ ಎಂಬ ಎರಡಕ್ಷರ ಸಾಕಿತ್ತು. ಆದರೆ ಮನೆಗೆ ಬಂದವರನ್ನು ಹಸಿದು ಕಳಿಸುವವರು ಎಂದು ತಿಳಿದುಬಿಟ್ಟಾರಲ್ಲ ಎಂದು ನನಗೆ ಸಂಕಟ ಶುರುವಾಯಿತು. "ಏನೂ ಕೊಡಲ್ಲ ಅಂದ್ರೆ ಏನರ್ಥ ಸ್ವಾಮಿ? ನಮ್ಮನೇಲಿ ಯಾರೂ ಬರೀ ಹೊಟ್ಟೇಲಿ ಹೋಗಲ್ಲ" ಎಂದು ಶುರುಮಾಡಿ, ಉಪ್ಪಿಟ್ಟು, ಕೇಸರಿಬಾತು, ಫಿಲ್ಟರ್ ಕಾಫಿ, ಅವಳ ಅತ್ತೆಗೆ ಕಟ್ಟಿಕೊಡುವ ಬಿಸಿಬೇಳೆಬಾತಿನ ಡಬ್ಬಿ, ಎಲ್ಲವನ್ನೂ ಕೈಯಲ್ಲಿ ಅಳತೆ ತೋರಿಸಿ ಹೇಳಿದೆ. ಮನೆಯಲ್ಲಿ ಕನ್ನಡದಲ್ಲಿ ಎರಡು ಮಾತಿಗಿಂತ ಹೆಚ್ಚು ಆಡದ ಅಮೂಲ್ಯ ಅಷ್ಟನ್ನೂ ಒಂದಕ್ಷರ ಬಿಡದೆ ಇಂಗ್ಲಿಷಿಗೆ ಇಳಿಸಿದಳು. ಅವರು ಬರೆದುಕೊಂಡರು. ಮೆಚ್ಚಿ ಬರೆಯುತ್ತಿದ್ದಾರೆಂದು ನಾನು ಉಬ್ಬಿದೆ.

ನೋಟಿಸಿನಲ್ಲಿ ಅದು 'ವಸ್ತುರೂಪದ ಪ್ರತಿಫಲ' ಎಂದಾಗಿತ್ತು. ಗುಮಾಸ್ತೆಯಾಗಿ ಹೇಳುತ್ತೇನೆ, ಅದ್ಭುತವಾದ ಆಕ್ಷೇಪಣೆ. ನನ್ನ ಕಾಲದಲ್ಲಿ ನನಗೂ ಹೊಳೆಯುತ್ತಿರಲಿಲ್ಲ. ಆದರೆ ಕಡತದಲ್ಲಿ ಒಂದು ಲೋಪವಿದೆ. ಅಂದು ನಿಮ್ಮ ಇನ್ಸ್‌ಪೆಕ್ಟರು ಉಪ್ಪಿಟ್ಟನ್ನು ಎರಡು ತಟ್ಟೆ ತಿಂದರು, ಮೂರನೆಯದಕ್ಕೆ ಬೇಡವೆನ್ನುವ ಮೊದಲು ಬಹಳ ಯೋಚಿಸಿದರು, ಹೋಗುವಾಗ ಎರಡು ಸಲ ಅಸಾಂಟೆ ಎಂದು ಧನ್ಯವಾದ ಹೇಳಿದರು. ಹಾಗಾದರೆ ಅವರು ನನ್ನ ಮನೆಯಲ್ಲಿ ಯಾವ ಹುದ್ದೆಯಲ್ಲಿದ್ದರು?

ನೋಟಿಸಿನ ಜೊತೆಗೇ ಅರ್ಜಿಯೂ ಹಿಂದಿರುಗಿ ಬಂತು. ಆರೈಕೆ ಪಡೆಯುವವರ ಸಹಿ ಪಾಸ್‌ಪೋರ್ಟಿನ ಸಹಿಗೆ ತಾಳೆಯಾಗುವುದಿಲ್ಲವಂತೆ. ಎಡಗೈಯಲ್ಲಿ ಹಾಕಿದ ಸಹಿ ಹೇಗೆ ತಾಳೆಯಾದೀತು? ಬಲಗೈ ಸಹಿ ಮಾಡಬೇಕಾದರೆ ಈಲೇನ್ ಬರಬೇಕು. ಈಲೇನ್ ಬರಬೇಕಾದರೆ ಬಲಗೈ ಸಹಿ ಮಾಡಬೇಕು. ಮಗಳು ಕನ್ನಡದಲ್ಲಿ ಓದಿ ಹೇಳಿದಾಗ ನಗು ಬಂತು, ಅರ್ಧದಲ್ಲೇ ನಿಂತಿತು. ಈ ವಾಕ್ಯ ನನ್ನದೇ. ನಾರಾಯಣ ಎಂಬ ಕೈ ನಡುಗುವ ಮುದುಕರ ಪಿಂಚಣಿ ಅರ್ಜಿಯ ಮೇಲೆ 'ಸಹಿ ತಾಳೆಯಾಗುವುದಿಲ್ಲ' ಎಂದು ನಾನು ಮೂರು ಸಲ ಬರೆದಿದ್ದೆ. ನಾಲ್ಕನೆಯ ಸಲ ಅವರು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ನಾನು ಕೇಳಲೂ ಇಲ್ಲ. ಈಗ ಕೇಳಬೇಕೆನಿಸುತ್ತದೆ, ಆದರೆ ಯಾರನ್ನು ಕೇಳಲಿ?

ಈಲೇನ್ ಈಗ ಬರುತ್ತಿಲ್ಲ. ಫೋನು ಮಾಡಿದರೆ, "ಪರವಾಗಿಲ್ಲ ಆಂಟಿ, ನೀವು ಹಿಟ್ಟು ಹಿಚುಕುದು ಬಿಡ್ಬೇಡಿ" ಎನ್ನುತ್ತಾಳೆ. ನನ್ನ ಮೇಲೆ ಒಂದು ಸಿಟ್ಟಿನ ಮಾತಿಲ್ಲ, ಅದೇ ನನಗೆ ಉರಿಯುತ್ತದೆ. ಅವಳ ಓದು ಮುಗಿಯಲು ಏಳು ತಿಂಗಳಿದೆ. ನನ್ನ ಜಂಬದ ಮಾತಿನಿಂದ ಅವಳ ಮೂರು ವರ್ಷ ಹಾಳಾದರೆ ಅವಳ ತಂದೆ ಫ್ರಾನ್ಸಿಸರಿಗೆ ನಾನು ಏನೆಂದು ಹೇಳಲಿ? ಉಪ್ಪಿಟ್ಟು ಚೆನ್ನಾಗಿತ್ತು ಎಂದೇ?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಮಾತಾಡಿದ ಅಪರಾಧ ನನ್ನದು, ನೋಟಿಸನ್ನು ನನ್ನ ಹೆಸರಿಗೆ ತಿರುಗಿಸಿ, ಅವಳ ಪಾಸಿನ ತಂಟೆಗೆ ಹೋಗಬೇಡಿ. ವಾರಕ್ಕೆ ಕೆಲವು ಗಂಟೆ ಮನೆ ಆರೈಕೆ ಮಾಡಲು ಅವಳಿಗೆ ಅನುಮತಿ ಕೊಡಿ, ಸಂಬಳವನ್ನು ಸಂಬಳವಾಗಿಯೇ ಕೊಡುತ್ತೇವೆ. ಅವಳಂತೆ ಓದುತ್ತಿರುವ ಉಳಿದ ವಿದೇಶಿ ವಿದ್ಯಾರ್ಥಿಗಳಿಗೂ ಇದೇ ದಾರಿ ಮಾಡಿ. ನನ್ನಂತೆ ಒಂದೇ ಭಾಷೆ ಉಳಿದವರು ಈ ಊರಿನಲ್ಲಿ ಇನ್ನೂ ಇದ್ದಾರು. ಸಹಿ ತಾಳೆ ನೋಡಲೇಬೇಕೆಂದರೆ ಕೆಳಗಿನದನ್ನು ಪಾಸ್‌ಪೋರ್ಟಿನ ಪಕ್ಕದಲ್ಲಿಟ್ಟು ನೋಡಿ. ಇರುವಷ್ಟು ತಾಳೆಯಾಗುತ್ತದೆ.

ಇಂತಿ, ತಮ್ಮ ಕಡತದಲ್ಲಿ ಅರ್ಧಕ್ಕೇ ನಿಂತಿರುವ ಮಾಜಿ ಗುಮಾಸ್ತೆ,

ಶ್ರೀರಂ

(ಬಲಗೈಯಿಂದ. ಉಳಿದ ಎರಡು ಅಕ್ಷರ ತಮ್ಮ ಕಚೇರಿಯಲ್ಲಿ ಬಾಕಿ ಇವೆ.)