ಸರಪಳಿ ಎಣಿಕೆ

ಜುಲೈ 8, ಸೋಮವಾರ

ಗುಂಡಿಗಳ ಡಬ್ಬಿ ಇವತ್ತೂ ನೆಲಕ್ಕೆ. ಆರಿಸಿ ತುಂಬುವಷ್ಟರಲ್ಲಿ ಬೆಲ್. ನನ್ನ ಎಲ್‌ಕೆಜಿ ವಾನರಸೇನೆಗೆ ಇಪ್ಪತ್ತರವರೆಗೆ ಬಾಯಿಪಾಠ. ‘ಐದು ಗುಂಡಿ ಕೊಡು’ ಅಂದರೆ ಮಾತ್ರ ಮುಷ್ಟಿ ತುಂಬ ಕೊಡುತ್ತವೆ.

ಅದಕ್ಕೇ ಹೊಸ ಆಟ ಶುರು ಮಾಡಿದೆ — ಸರಪಳಿ ಎಣಿಕೆ. ಸಾಲಾಗಿ ನಿಂತು ಒಬ್ಬೊಬ್ಬರೂ ಒಂದೊಂದು ಅಂಕೆ ಕೂಗಬೇಕು. ನಿಯಮ ಒಂದೇ, ಸರಪಳಿ ತುಂಡಾಗಬಾರದು. ಯಾರಾದರೂ ತಡವರಿಸಿದರೆ ಪಕ್ಕದವರು ಹೇಳಬೇಕು. ಹದಿನೆಂಟು ಮಕ್ಕಳು, ಹದಿನೆಂಟಕ್ಕೆ ಮುಗಿದರೆ ಚಪ್ಪಾಳೆ. ಮನೆಯಲ್ಲಿ ಹೇಳಿದೆ. ‘ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ್ನಂತೆ’ ಅಂತ ನಕ್ಕರು ಗಂಡ. ನಗಲಿ.

ಜುಲೈ 10, ಸಂಜೆ 6

ಮನೆಗೆ ಬಂದವಳೇ ಡೈರಿ ತೆಗೆದೆ. ಬರೆದರೆ ಮನಸ್ಸು ನಿಂತೀತು.

ಬೆಳಿಗ್ಗೆ ಮಕ್ಕಳನ್ನು ಪಾರ್ಕಿಗೆ ಕರೆದೊಯ್ದಿದ್ದೆವು, ನಾನು ಮತ್ತು ಆಯಾ. ವಾಪಸ್ ಹೊರಡುವಾಗ ಆಯಾ ಎಂದಿನಂತೆ ತಲೆ ಮುಟ್ಟಿ ಎಣಿಸಲು ಬಂದಳು. ‘ನೀವು ಬ್ಯಾಗ್ ನೋಡ್ಕೊಳ್ಳಿ, ಇವತ್ತು ಮಕ್ಕಳೇ ಎಣಿಸ್ತಾರೆ’ ಅಂದೆ. ಒಂದು, ಎರಡು... ಹದಿನೆಂಟು! ನನಗೋ ಹೆಮ್ಮೆ. ವ್ಯಾನ್ ಹತ್ತಿದೆವು.

ಕ್ಲಾಸಿನಲ್ಲಿ ಹಾಲು ಹಂಚುವಾಗ ಒಂದು ಲೋಟ ಉಳಿಯಿತು. ತಲೆ ಎಣಿಸಿದೆ, ಹದಿನೇಳು. ಗುಂಡ ಇಲ್ಲ. ಮಾತೇ ಆಡದ ಆ ದಪ್ಪ ಕೆನ್ನೆಯ ಹುಡುಗ.

ಸಿಕ್ಕಿದ. ಪಾರ್ಕಿನ ಕೊಳದ ಕಟ್ಟೆ ಮೇಲೆ ಮಾಲಿ ಅವನ ಕೈ ಬಿಗಿಯಾಗಿ ಹಿಡಿದು ಕೂತಿದ್ದ. ಹುಡುಗ ಸೊಂಟದವರೆಗೆ ಒದ್ದೆ. ಅಳಲಿಲ್ಲ. ನನ್ನನ್ನು ನೋಡಿ ಮುಖ ತಿರುಗಿಸಿದ.

ಜುಲೈ 11

ಲೆಕ್ಕ ಹೇಗೆ ಸರಿಹೋಯಿತು ಅಂತ ತಿಳಿಯಿತು. ಕ್ಲಾಸಿನ ಪಟಾಕಿ ಹುಡುಗಿಯೇ ಬಂದು ಹೇಳಿದಳು.

‘ಅವನು ಸೂಸುಗೆ ಹೋಗಿದ್ದ ಮಿಸ್. ಸರಪಳಿ ಕಟ್ ಆಗ್ಬಾರ್ದು ಅಲ್ವಾ? ಅವನ್ದೂ ನಾನೇ ಹೇಳ್ದೆ. ಅವನ ಥರಾನೇ ಮೆತ್ತಗೆ.’

ಹೇಳಿ, ಶಹಭಾಸ್‌ಗಿರಿಗೆ ಕಾದು ನಿಂತಳು. ಏನಂತ ಬೈಯಲಿ? ನಿಯಮ ನನ್ನದು.

ಮಧ್ಯಾಹ್ನ ಹೆಡ್ ಮೇಡಂ ನನ್ನನ್ನೂ ಆಯಾಳನ್ನೂ ಕರೆದರು. ಗುಂಡನ ಅಪ್ಪ ಕೂಗಾಡಿ ಹೋಗಿದ್ದರಂತೆ.

‘ಮಕ್ಕಳನ್ನ ಎಣಿಸೋದು ನಿನ್ನ ಕೆಲಸ. ಎಣಿಸಿದ್ಯಾ?’

‘ಇಲ್ಲ ಮೇಡಂ’ ಅಂದಳು ಆಯಾ. ಅಷ್ಟೇ. ಆಮೇಲೆ ನನ್ನ ಕಡೆ ನೋಡಿದಳು. ನಾನು ಮೇಜಿನ ಮೇಲಿದ್ದ ಗ್ಲೋಬ್ ನೋಡುತ್ತಿದ್ದೆ.

ಹೇಡಿ. ಬೇರೆ ಪದ ಇಲ್ಲ.

ಜುಲೈ 19, ಶುಕ್ರವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಮುಖ ಎಲ್ಲಿತ್ತು?

ಆಯಾಗೆ ಸೋಮವಾರದಿಂದ ಬರಬೇಡ ಅಂದಿದ್ದಾರೆ. ಗಂಡನ ಉಪದೇಶ: ‘ನೀನಾಗೇ ಹೋಗಿ ಹಳ್ಳಕ್ಕೆ ಬೀಳ್ಬೇಡ. ಕೆಲಸ ಪರ್ಮನೆಂಟ್ ಆಗೋ ಹೊತ್ತು.’ ನಾನೂ ನನಗೆ ಹೇಳಿಕೊಳ್ಳುತ್ತಿದ್ದುದು ಅದನ್ನೇ. ಅವರ ಬಾಯಲ್ಲಿ ಕೇಳಿದಾಗ ಹೇಸಿಗೆಯಾಯಿತು.

ಗುಂಡ ಕ್ಲಾಸಿಗೆ ಬರುತ್ತಾನೆ. ಅಂಕೆ ಹೇಳು ಅಂದರೆ ತುಟಿ ಬಿಗಿಯುತ್ತಾನೆ.

ಜುಲೈ 22, ಸೋಮವಾರ, ರಾತ್ರಿ 8

ಹೇಳಿಬಿಟ್ಟೆ. ಎಣಿಸುವುದು ಬೇಡ ಅಂದದ್ದು ನಾನು, ಆಯಾ ಅಲ್ಲ ಅಂತ.

ಹೆಡ್ ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು. ‘ಆಯಾನ ತೆಗೆದಿದ್ದೀವಿ ಅಂತ ಪೇರೆಂಟ್ಸ್‌ಗೆ ಹೇಳಿ ಆಯ್ತು. ಈಗ ಇನ್ನೊಂದು ಕಥೆ ಹೇಳಕ್ಕಾಗುತ್ತಾ? ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ. ಕ್ಲಾಸಿಗೆ ಹೋಗಿ.’

ಹೋದೆ. ನನಗೊಂದು ಮೆಮೋ ಕೂಡ ಇಲ್ಲ.

ಶಾಲೆ ಬಿಟ್ಟ ಮೇಲೆ ಆಯಾ ಮನೆಗೆ. ಇಸ್ತ್ರಿ ಮಾಡುತ್ತಿದ್ದಳು. ಕುರ್ಚಿ ಮೇಲಿನ ಬಟ್ಟೆ ತೆಗೆದು ಕೂರಿಸಿದಳು. ‘ಮೇಡಂ ಹತ್ರ ಎಲ್ಲಾ ಹೇಳಿದೆ, ತಪ್ಪು ನಂದು ಅಂತ’ ಅಂದೆ.

ಮೇಡಂ ಏನಂದರು ಅಂತ ಹೇಳುವ ಮೊದಲೇ ಅವಳ ಮುಖ ಅರಳಿತು. ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟಳು.

‘ಹೇಳ್ತೀರಾ ಅಂತ ಗೊತ್ತಿತ್ತು ಮಿಸ್. ಮನೇಲೂ ಅದೇ ಅಂತಿದ್ದೆ. ಹಾಗಾದ್ರೆ ನಾಳೆಯಿಂದ ಬರ್ಲಾ?’

ನಾನು ಅವಳ ಕೈ ಹಿಡಿದುಕೊಂಡು, ‘ಇಲ್ಲ, ಮೇಡಂ ಒಪ್ಪಲಿಲ್ಲ’ ಅಂದೆ.