ತಾತ್ಕಾಲಿಕ ಕೆಲಸಕ್ಕೆ ಶಾಶ್ವತ ಶಿಕ್ಷೆ

ಸಿಯಾಟಲ್, ಜನವರಿ 2022

ಆಂಬುಲೆನ್ಸ್ ಸಿಬ್ಬಂದಿಯ ತಾತ್ಕಾಲಿಕ ನೇಮಕಾತಿ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ಹೌದು, ಶೂ ಬಿಚ್ಚಿದ್ದು ನಾನೇ. ರೋಗಿಯ ಜೊತೆ ಕನ್ನಡ ಮಾತಾಡಿದ್ದೂ ನಾನೇ. ಈ ಎರಡು ಅಪರಾಧಗಳಿಗಾಗಿ ನಿಮ್ಮ ಇಲಾಖೆ ಕಳೆದ ಮಾರ್ಚ್‌ನಲ್ಲಿ ನನ್ನ ಹೆಸರಿನ ಮುಂದೆ ‘ಮರುನೇಮಕಕ್ಕೆ ಅನರ್ಹಳು’ ಎಂದು ಬರೆದು ಕೈತೊಳೆದುಕೊಂಡಿತು. ಈಗ ಒಮಿಕ್ರಾನ್ ಬಂದಿದೆ. ಜನವಿಲ್ಲದೆ ಆಂಬುಲೆನ್ಸ್‌ಗಳು ಶೆಡ್ಡಿನಲ್ಲೇ ನಿಂತಿವೆ. ಇನ್ನೂರು ಮಂದಿ ತುರ್ತು ವೈದ್ಯಕೀಯ ಸಹಾಯಕರು ಬೇಕು, ಇವತ್ತೇ ಬೇಕು ಎಂದು ನೀವು ಬಸ್ಸಿನ ಬೆನ್ನಿಗೆಲ್ಲ ಜಾಹೀರಾತು ಅಂಟಿಸಿದ್ದೀರಿ. ನಾನು ಮೂರು ಸಲ ಅರ್ಜಿ ಹಾಕಿದೆ. ಮೂರು ಸಲವೂ ನಲವತ್ತು ಸೆಕೆಂಡಿನೊಳಗೆ ತಿರಸ್ಕಾರ ಬಂತು. ನಿಮ್ಮ ಆಂಬುಲೆನ್ಸ್ ಇದರ ಅರ್ಧ ವೇಗದಲ್ಲಿ ಬಂದಿದ್ದರೂ ಈ ಊರಿನಲ್ಲಿ ಇನ್ನಷ್ಟು ಜನ ಬದುಕಿರುತ್ತಿದ್ದರು.

ನಿಮಗೆ ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆ ಎಂದು ನನ್ನ ಗಂಡ ಮನ್ಸೂರ್ ಕೂಡ ಕೇಳಿದರು. ಮನೆಯಲ್ಲಿ ನಾವಾಡುವುದು ದಖನಿ ಉರ್ದು. ವಾದಕ್ಕಿಳಿದಾಗ ಮಾತ್ರ ಕನ್ನಡ.

"ಅಲ್ಲ ನಯೀಮಾ, ಕನ್ನಡದಲ್ಲಿ ಬರೆದ್ರೆ ಅವ್ರು ಓದ್ತಾರಾ?"

"ಇಂಗ್ಲಿಷಲ್ಲಿ ನಾಲ್ಕು ಪತ್ರ ಬರೆದಿದ್ನಲ್ರೀ, ಅದನ್ನ ಓದಿದ್ರಾ?"

ಅವರು ಲ್ಯಾಪ್‌ಟಾಪಿನ ಕಡೆ ತಿರುಗಿಕೊಂಡರು. ಯಾವ ಭಾಷೆ ಆಡಿದ್ದು ತಪ್ಪಾಯಿತೋ ಆ ಭಾಷೆಯಲ್ಲೇ ಜವಾಬು ಕೊಡುವುದು ಸರಿ ಎನ್ನಿಸಿತು, ಅಷ್ಟೇ. ಇಂಗ್ಲಿಷ್ ಪ್ರತಿಯೂ ನಿಮಗೆ ಟಪಾಲಿನಲ್ಲಿ ಬರುತ್ತದೆ. ಅದರಲ್ಲಿ ಪ್ರಾಸವಿಲ್ಲ, ನಷ್ಟ ನಿಮ್ಮದು. ಕನ್ನಡದ ಪ್ರತಿ ಇಲ್ಲಿನ ಕನ್ನಡಿಗರ ಪತ್ರಿಕೆಯಲ್ಲಿ ಅಚ್ಚಾಗುತ್ತಿದೆ. ಡೆನ್ನಿ ಟ್ರಯಾಂಗಲ್‌ನಲ್ಲಿ ನಿಮ್ಮ ಕಚೇರಿಯ ಸುತ್ತಮುತ್ತಲ ಗೋಪುರಗಳಲ್ಲಿ ಕೆಲಸ ಮಾಡುವವರೇ ಅದರ ಓದುಗರು. ಕೊರೋನಾಕ್ಕೆ ಮುಚ್ಚಿದ ಆ ಆಫೀಸು ಗೋಪುರಗಳು ಮತ್ತೆ ತೆರೆದ ಮೇಲೆ ಕಾಫಿಯ ಸಾಲಿನಲ್ಲಿ ಯಾರಾದರೂ ನಿಮ್ಮನ್ನು ನೋಡಿ ಮುಗುಳ್ನಕ್ಕರೆ ಕಾರಣ ತಿಳಿದಿರಲಿ.

ನನ್ನ ಪರಿಚಯ ನಿಮ್ಮ ಕಡತದಲ್ಲಿ ಒಂದು ಅಂಕಿಯಾಗಿ ಇದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೈಸೂರಿನ ಮಂಡಿ ಮೊಹಲ್ಲದವಳು. ಒಂದನೇ ಕ್ಲಾಸಿನಿಂದ ಬಿ.ಎ. ವರೆಗೆ ಕನ್ನಡ ಮಾಧ್ಯಮ. ಪ್ರಾಸ ಕಟ್ಟುವುದು ಅಲ್ಲಿಂದ ಅಂಟಿದ ಚಟ. ನಾಡಿ ಹಿಡಿದಾಗಲೂ ಮನಸ್ಸು ಜೋಡಿ ಹುಡುಕುತ್ತಿರುತ್ತದೆ. ಹದಿನಾರು ವರ್ಷ ಈ ದೇಶದಲ್ಲಿ ಮಗಳನ್ನು ಬೆಳೆಸಿ, ನಲವತ್ತೆರಡನೇ ವಯಸ್ಸಿನಲ್ಲಿ ಕಮ್ಯುನಿಟಿ ಕಾಲೇಜಿಗೆ ಸೇರಿ, ನನ್ನನ್ನು ‘ಮ್ಯಾಮ್’ ಎಂದು ಕರೆಯುವ ಸಹಪಾಠಿಗಳ ಜೊತೆ ರಬ್ಬರ್ ಗೊಂಬೆಯ ಎದೆ ಒತ್ತಿ, ಆಂಬುಲೆನ್ಸ್ ಕೆಲಸದ ಪರೀಕ್ಷೆ ಪಾಸು ಮಾಡಿದೆ. ಆಮೇಲೆ ಕೊರೋನಾ ಬಂತು. 2020ರ ಅಕ್ಟೋಬರ್‌ನಲ್ಲಿ ನೀವೇ ಕರೆದು ಆರು ತಿಂಗಳ ಕರಾರು ಕೊಟ್ಟಿರಿ. ಸಂದರ್ಶನ ಒಂಬತ್ತು ನಿಮಿಷ ನಡೆಯಿತು. ಶೂ ಸೈಜ್ ಕೇಳಿದಿರಿ, ಎಷ್ಟು ಭಾಷೆ ಬರುತ್ತವೆ ಎಂದು ಕೇಳಿದಿರಿ. ಐದು ಎಂದಾಗ ನಿಮ್ಮವರು ‘ವಾವ್’ ಎಂದಿದ್ದರು. ಆಗ ನಾವು ನಿಮ್ಮ ಭಿತ್ತಿಪತ್ರದ ವೀರರು. ನನ್ನ ಲೆಕ್ಕದಲ್ಲಿ ನಿಮ್ಮ ಇಲಾಖೆಯ ನೀತಿಯನ್ನು ಒಂದು ಸಾಲಿನಲ್ಲಿ ಹೇಳಬಹುದು: ಅಲೆ ಬಂದಾಗ ಬೆಲೆ, ಅಲೆ ಇಳಿದಾಗ ಇಲ್ಲ ನೆಲೆ.

ಈಗ ಆ ದಿನದ ವಿಷಯ. ಹೆಸರು ಬರೆಯಲು ಅಂದಿನ ರೋಗಿಯಾಗಿದ್ದ ಅಜ್ಜಿಯ ಮತ್ತು ಅವರ ಮಗಳ ಒಪ್ಪಿಗೆ ಇದೆ. ಇದನ್ನೂ ನನ್ನ ಅಪರಾಧಗಳ ಪಟ್ಟಿಗೆ ಸೇರಿಸಬೇಡಿ.

ಕಳೆದ ವರ್ಷದ ಫೆಬ್ರವರಿ, ಮಧ್ಯಾಹ್ನ ಎರಡೂವರೆ. ಡೌನ್‌ಟೌನ್ ಬೆಲ್ವ್ಯೂನ ಅಪಾರ್ಟ್‌ಮೆಂಟೊಂದರ ಹದಿನೇಳನೇ ಮಹಡಿ. ಜೊತೆಗಿದ್ದವನು ಹಿರಿಯ ಪ್ಯಾರಾಮೆಡಿಕ್, ನಿಮ್ಮ ಕಾಯಂ ನೌಕರ. ಅವನ ಹೆಸರು ಬರೆಯುವುದಿಲ್ಲ, ಅವನಿಗೆ ಇನ್ನೂ ಕೆಲಸವಿದೆ. ಬಾಗಿಲು ತೆರೆದೇ ಇತ್ತು. ಬಾಗಿಲಿಗೆ ನೇರವಾಗಿ ಪುಟ್ಟ ದೇವರ ಮಂಟಪ. ಆ ಮನೆಯಲ್ಲಿ ದೇವರಿಗೆ ಸಿಕ್ಕ ಪೂರ್ವ ದಿಕ್ಕು ಅದೊಂದೇ ಇರಬೇಕು. ಅದರ ಮುಂದೆ ನೆಲದ ಮೇಲೆ ಗೋಡೆಗೊರಗಿ ಕುಳಿತಿದ್ದವರು ಎಪ್ಪತ್ತೊಂದು ವರ್ಷದ ದೇವೀರಮ್ಮ. ಮಳವಳ್ಳಿ ಕಡೆಯವರು, ಮಗಳ ಮನೆಗೆ ಮೂರು ತಿಂಗಳಿಗೆಂದು ಬಂದು ವಿಮಾನವಿಲ್ಲದೆ ಒಂದು ವರ್ಷ ಉಳಿದವರು. ತುಟಿ ನೀಲಿಗೆ ತಿರುಗಿತ್ತು. ನನ್ನ ಜೊತೆಗಾರ ಹೊಸ್ತಿಲು ದಾಟಿ ಒಂದು ಹೆಜ್ಜೆ ಇಟ್ಟಿದ್ದೇ ತಡ, ಅಜ್ಜಿ ಎರಡೂ ಕೈ ಬೀಸಿ ಕೂಗಿಕೊಂಡರು.

"ಬ್ಯಾಡ! ಬ್ಯಾಡ ಕಣಯ್ಯ! ಹೊರಿಕ್ ನಡಿ!"

ಅವನು ನಿಂತ. ಏನು ಹೇಳುತ್ತಿದ್ದಾರೆ ಎಂದು ಮಗಳನ್ನು ಕೇಳಿದ. ಮಗಳು ಸ್ವಪ್ನಾ ತಾನೂ ಪಾಸಿಟಿವ್ ಆಗಿ, ಜ್ವರದಲ್ಲಿ ಮಲಗುವ ಕೋಣೆಯ ಬಾಗಿಲು ಹಿಡಿದು ನಿಂತಿದ್ದಳು.

"ನಥಿಂಗ್, ನಥಿಂಗ್! ಶೀ ಈಸ್ ಜಸ್ಟ್ ಸ್ಕೇರ್ಡ್. ಪ್ಲೀಸ್ ಕಮ್ ಇನ್!" ಎಂದವಳೇ ತಾಯಿಯ ಕಡೆ ತಿರುಗಿ ಹಲ್ಲುಕಚ್ಚಿ ಹೇಳಿದಳು: "ಅಮ್ಮಾ, ಸುಮ್ನಿರಮ್ಮ! ಮರ್ಯಾದೆ ತೆಗೀಬೇಡ!"

"ನಿನ್ ಮರ್ವಾದೆ ಒಲೇಗಿಕ್ಕ! ಮೆಟ್ ಹಾಕ್ಕಂಡು ದ್ಯಾವ್ರ ಮುಂದಕೇ ಬತ್ತಾವ್ನಲ್ಲೇ!"

ಇಲ್ಲಿ ಗಮನಿಸಿ, ಮಾನ್ಯರೇ. ಸ್ವಪ್ನಾ ಸುಳ್ಳು ಹೇಳಿದ್ದು ಕೆಟ್ಟತನದಿಂದಲ್ಲ. ನಮ್ಮವರು ಬಿಳಿಯರ ಮುಂದೆ ಎಲ್ಲವನ್ನೂ ಒಪ್ಪಿಕೊಳ್ಳುತ್ತಾರೆ, ಶೂ ಬಿಚ್ಚಿ ಬನ್ನಿ ಎನ್ನಲು ಮಾತ್ರ ನಾಚುತ್ತಾರೆ. ಪ್ಲಂಬರ್ ಬಂದಾಗ ನಾನೂ ಹೇಳಿಲ್ಲ. ಅವನು ಹೋದ ಮೇಲೆ ನೆಲ ಒರೆಸಿದ್ದೇನೆ. ಆದರೆ ನನ್ನ ಜೊತೆಗಾರನಿಗೆ ಕಂಡದ್ದು ಇಷ್ಟೇ: ಎಚ್ಚರದಲ್ಲಿರುವ ರೋಗಿ, ಕೈ ಬೀಸಿ ಚಿಕಿತ್ಸೆ ನಿರಾಕರಿಸುತ್ತಿದ್ದಾರೆ. ನಿಮ್ಮ ನಿಯಮದ ಪ್ರಕಾರ ಆಗ ಮುಟ್ಟುವಂತಿಲ್ಲ. ನಿರಾಕರಣೆಯ ಫಾರಂ ಓದಬೇಕು, ಸಹಿ ಪಡೆಯಬೇಕು, ಹೊರಡಬೇಕು. ಅವನು ಟ್ಯಾಬ್ಲೆಟ್ ತೆಗೆದಾಗಿತ್ತು.

"ಆಕೆ ನಮ್ಮನ್ನು ಬೇಡ ಅನ್ನುತ್ತಿಲ್ಲ. ನಮ್ಮ ಶೂ ಬೇಡ ಅನ್ನುತ್ತಿದ್ದಾರೆ" ಎಂದು ನಾನು ಇಂಗ್ಲಿಷಿನಲ್ಲಿ ಅವನಿಗೆ ಹೇಳಿದೆ. ಶೂ ಮೇಲೆ ತೊಡುವ ಕವರ್ ಮುಗಿದು ಹತ್ತು ದಿನವಾಗಿತ್ತು. ಆ ಬಗ್ಗೆ ನಿಮ್ಮ ಕಚೇರಿಗೆ ಮೂರು ಮೇಲ್ ಹೋಗಿದ್ದವು. ಅವನು ನನ್ನ ಮುಖ ನೋಡಿದ, ಅಜ್ಜಿಯ ತುಟಿ ನೋಡಿದ, "ಗೋ" ಎಂದ. ನಾನು ಶೂಗಳನ್ನು ಹೊಸ್ತಿಲಾಚೆ ಬಿಟ್ಟು ಕಾಲುಚೀಲದಲ್ಲಿ ಒಳಗೆ ಹೋದೆ.

"ಅಜ್ಜಿ, ನೋಡಿ, ಬಿಟ್ಟು ಬಂದೆ. ಈಗ ಹತ್ರ ಬರ್ಲಾ?"

ಅವರ ಕೈ ಇಳಿಯಿತು. "ಯಾವೂರವ್ವ... ನಿಂದು?"

"ಮೈಸೂರು ಅಜ್ಜಿ, ಮಂಡಿ ಮೊಹಲ್ಲ. ನಯೀಮಾ ಅಂತ."

ಒಂದು ಉಸಿರಿಗೆ ಒಂದು ಮಾತಿನಂತೆ ಹೇಳಿದರು: "ನೀವೂ... ಮಸೀದಿಗೋಗೋವಾಗ... ಬುಟ್ಟೇ ಹೋಯ್ತೀರಿ. ಬಾ ಮಗ... ಕೂತ್ಕೊ."

ಬೆರಳಿಗೆ ಯಂತ್ರ ಸಿಕ್ಕಿಸಿದೆ. ಆಮ್ಲಜನಕ ಎಪ್ಪತ್ತೊಂಬತ್ತು. ಮಾಸ್ಕ್ ಕಟ್ಟುವಾಗ "ದನಕ್ ಕಟ್ದಂಗೆ ಮೂತಿಗೆ ಕುಕ್ಕೆ ಕಟ್ತೀಯಲ್ಲವ್ವ" ಎಂದು ಬೈದರು. ಬೈಯುವಷ್ಟು ಉಸಿರಿದೆಯಲ್ಲ ಎಂದು ನನಗೆ ಸಂತೋಷವಾಯಿತು. ಒಟ್ಟು ನಾಲ್ಕು ನಿಮಿಷ. ಸ್ಟ್ರೆಚರ್ ಹೊಸ್ತಿಲು ದಾಟಿದಾಗ ನನ್ನ ಶೂ ಕಾಲಲ್ಲಿತ್ತು. ದೇವೀರಮ್ಮ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ನಡೆದುಕೊಂಡು ಮನೆಗೆ ಬಂದರು.

ನನ್ನ ಜೊತೆಗಾರ ವರದಿಯಲ್ಲಿ ನನ್ನನ್ನು ಹೊಗಳಿ ಒಂದು ವಾಕ್ಯ ಬರೆದ: ರೋಗಿಯ ವಿಶ್ವಾಸ ಗಳಿಸಲು ಶೂ ತೆಗೆದು, ರೋಗಿಯ ಭಾಷೆಯಲ್ಲಿ ಮಾತಾಡಿ, ಜೀವ ಉಳಿಸಿದಳು, ಎಂದು. ನಿಮ್ಮ ಇಲಾಖೆಗೆ ಆ ವಾಕ್ಯದ ಮೊದಲ ಎರಡು ತುಂಡುಗಳು ಮಾತ್ರ ಕಾಣಿಸಿದವು. ಒಂದು, ಕಾರ್ಯಸ್ಥಳದಲ್ಲಿ ಸುರಕ್ಷತಾ ಪಾದರಕ್ಷೆ ತೆಗೆದದ್ದು. ಇನ್ನೊಂದು, ಮಾನ್ಯತೆ ಪಡೆದ ದುಭಾಷಿಯ ನೆರವಿಲ್ಲದೆ ಅನ್ಯಭಾಷೆಯಲ್ಲಿ ಮಾತಾಡಿದ್ದು. ಆ ದುಭಾಷಿಗಳ ಸಹಾಯವಾಣಿಗೆ ನಾನು ಆಮೇಲೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಬಳಿಕ, ಕನ್ನಡ ಇಲ್ಲ, ಹಿಂದಿ ನಡೆಯುತ್ತದಾ ಎಂದು ವಿಚಾರಿಸಿದರು. ನನಗೆ ನಡೆಯುತ್ತದೆ. ಎಪ್ಪತ್ತೊಂಬತ್ತಕ್ಕೆ ಇಳಿದ ದೇವೀರಮ್ಮನಿಗೆ ಹಿಂದಿಯೂ ನಡೆಯುತ್ತಿರಲಿಲ್ಲ, ಇಪ್ಪತ್ತು ನಿಮಿಷವೂ ನಡೆಯುತ್ತಿರಲಿಲ್ಲ.

ವಿಚಾರಣೆ ಎಂದು ಫೋನಿನಲ್ಲಿ ಐದು ನಿಮಿಷ ಮಾತಾಡಿಸಿದಿರಿ. ಶೂ ತೆಗೆದದ್ದು ನಿಜವೇ ಎಂದು ಕೇಳಿದಾಗ ನಾನೊಂದು ಮೂರ್ಖ ಕೆಲಸ ಮಾಡಿದೆ. "ನಿಜ, ತಪ್ಪಾಯಿತು, ಸಾರಿ" ಎಂದುಬಿಟ್ಟೆ. ಬೆಳೆದ ರೀತಿ ಹಾಗೆ. ದೊಡ್ಡವರು ಗದರಿದಾಗ ತಪ್ಪಾಯ್ತು ಎಂದರೆ ನಮ್ಮಲ್ಲಿ ಮಾತು ಅಲ್ಲಿಗೆ ಮುಗಿಯುತ್ತದೆ. ಅವರೂ ಕಾಫಿ ಕೊಟ್ಟು ಕಳಿಸುತ್ತಾರೆ. ನಿಮ್ಮಲ್ಲಿ ಅದು ತಪ್ಪೊಪ್ಪಿಗೆ ಎಂದು ದಾಖಲಾಯಿತು. ಕಾಫಿಯಂತೂ ಬರಲಿಲ್ಲ. ಆ ‘ಸಾರಿ’ಯನ್ನು ಈ ಪತ್ರದ ಮೂಲಕ ಬಹಿರಂಗವಾಗಿ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ದಯವಿಟ್ಟು ಇದನ್ನೂ ಅಷ್ಟೇ ಶ್ರದ್ಧೆಯಿಂದ ದಾಖಲಿಸಿ.

ನಿಯಮವೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಗಾಜು ಚುಚ್ಚುತ್ತದೆ, ಸೂಜಿ ಚುಚ್ಚುತ್ತದೆ, ರಕ್ತ ಅಂಟುತ್ತದೆ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಸರಿಯುತ್ತರ ಬರೆದವಳು ನಾನು. ಎಚ್ಚರಿಕೆ ಕೊಡಿ, ಸಹಿ ಹಾಕುತ್ತೇನೆ. ಮತ್ತೆ ತರಬೇತಿಗೆ ಕಳಿಸಿ, ಮೊದಲ ಬೆಂಚಿನಲ್ಲಿ ಕೂರುತ್ತೇನೆ. ಅದೇ ತಿಂಗಳು ನನ್ನ ಜೊತೆಗಾರ ಪಾರ್ಕಿಂಗ್ ಕಂಬಕ್ಕೆ ಆಂಬುಲೆನ್ಸ್ ಗುದ್ದಿದ. ಅವನಿಗೆ ಅರ್ಧ ಗಂಟೆಯ ವೀಡಿಯೊ ತೋರಿಸಿ ಕೀಲಿ ವಾಪಸ್ ಕೊಟ್ಟಿರಿ. ಸರಿಯಾದದ್ದನ್ನೇ ಮಾಡಿದಿರಿ, ಅವನು ಒಳ್ಳೆಯ ಕೆಲಸಗಾರ. ಕಂಬಕ್ಕೆ ಗುದ್ದಿದವನಿಗೆ ವೀಡಿಯೊ, ಕಾಲುಚೀಲದಲ್ಲಿ ನಡೆದವಳಿಗೆ ವಿದಾಯವೋ?

ಇದರ ವಿರುದ್ಧ ಮೇಲ್ಮನವಿ ಸಲ್ಲಿಸಬೇಕು ಎಂದು ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಮೇಲ್ಮನವಿ ನೌಕರರಿಗೆ ಮಾತ್ರ, ನಿಮ್ಮ ಕರಾರು ಮುಗಿದಿದೆ, ನೀವು ನೌಕರರಲ್ಲ ಎಂದರು. ಹಾಗಾದರೆ ಶಿಕ್ಷೆಯೂ ಮುಗಿದಿರಬೇಕಲ್ಲ ಎಂದೆ. ಇಲ್ಲ, ಅದು ದಾಖಲೆಯಲ್ಲಿ ಉಳಿಯುತ್ತದೆ ಎಂದರು, ಪಾಪ, ಬಹಳ ವಿನಯದಿಂದ. ಅಂದರೆ ನನ್ನ ಕೆಲಸ ತಾತ್ಕಾಲಿಕ, ಸಂಬಳ ತಾತ್ಕಾಲಿಕ, ನಿಮ್ಮ ಚಪ್ಪಾಳೆ ತಾತ್ಕಾಲಿಕ. ಶಿಕ್ಷೆಯೊಂದು ಮಾತ್ರ ಕಾಯಂ. ನೀವು ನನಗೆ ಕೊಟ್ಟ ಏಕೈಕ ಕಾಯಂ ಹುದ್ದೆ ಇದು.

ಈ ಮಹಾ ಶಿಕ್ಷೆಯ ಮೂಲವನ್ನು ಮಗಳು ಫಲಕ್ ಪತ್ತೆ ಮಾಡಿದಳು. ನಿಮ್ಮ ಜಾಲತಾಣದ ಕೈಪಿಡಿಯಲ್ಲಿ ಕರಾರು ಮುಗಿಸುವಾಗ ಆರಿಸಬೇಕಾದ ಏಳು ಸಂಕೇತಗಳಿವೆ. ‘ಎಚ್ಚರಿಕೆ ನೀಡಿ ಮುಂದುವರಿಸಿ’ ಎನ್ನುವುದು ಅವುಗಳಲ್ಲಿಲ್ಲ. "ಮಾಮ್, ಇಟ್ಸ್ ಜಸ್ಟ್ ಅ ಡ್ರಾಪ್‌ಡೌನ್" ಎಂದಳು, ಅಂದರೆ ಪರದೆಯ ಮೇಲೆ ಇಳಿಬೀಳುವ ಆಯ್ಕೆಗಳ ಪಟ್ಟಿ. ಸಾಫ್ಟ್‌ವೇರ್‌ನಲ್ಲೇ ಕೂದಲು ಬೆಳ್ಳಗಾದ ಮನ್ಸೂರ್ ಕಣ್ಣು ಹಾಯಿಸಿ, "ಇಂಥ ಲಿಸ್ಟ್ ನಾನೂ ಬರ್ದಿದೀನಿ. ಯಾವನೋ ಪುಣ್ಯಾತ್ಮ ಊಟಕ್ಕೆ ಹೊತ್ತಾಯ್ತು ಅಂತ ಏಳಕ್ಕೆ ನಿಲ್ಸಿದಾನೆ" ಎಂದರು. ಇರಬಹುದು. ಆದರೆ ಮಾನ್ಯರೇ, ಆ ಪುಣ್ಯಾತ್ಮನ ಊಟ ಮುಗಿದು ಹತ್ತು ತಿಂಗಳಾಯಿತು. ಎಂಟನೆಯ ಸಾಲು ಸೇರಿಸಲು ಇನ್ನೆಷ್ಟು ಅಲೆ ಬರಬೇಕು?

ಇದು ನನ್ನೊಬ್ಬಳ ಗೋಳಾಗಿದ್ದರೆ ಪತ್ರಿಕೆಯ ಜಾಗ ಕೆಡಿಸುತ್ತಿರಲಿಲ್ಲ. ನನ್ನ ತಂಡದಲ್ಲಿ ಇಪ್ಪತ್ತಾರು ಮಂದಿ ತಾತ್ಕಾಲಿಕರಿದ್ದೆವು. ನನ್ನೂ ಸೇರಿ ಒಂಬತ್ತು ಮಂದಿಗೆ ಇದೇ ಮುದ್ರೆ. ಒಬ್ಬಳು ಹೊಸ ಮಾಸ್ಕ್ ಬೇಕೆಂದು ಎರಡನೇ ಸಲ ಕೇಳಿದ್ದಳು. ಒಬ್ಬ ತನಗೇ ಕೊರೋನಾ ಬಂದು ನಾಲ್ಕು ಪಾಳಿ ತಪ್ಪಿಸಿದ್ದ. ಅವರೆಲ್ಲರೂ ಈ ವಾರ ಮನೆಯಲ್ಲಿ ಕೂತು, ಸಿಬ್ಬಂದಿಯ ಕೊರತೆ ಎಂದು ನೀವು ಟೀವಿಯಲ್ಲಿ ಮರುಗುವುದನ್ನು ನೋಡುತ್ತಿದ್ದಾರೆ. ಕೊರತೆ ಇರುವುದು ಕೈಗಳಿಗಲ್ಲ, ಕಿವಿಗಳಿಗೆ.

ನನಗೆ ಸಮಯ ಬಹಳವಿಲ್ಲ. ನನ್ನ ಪ್ರಮಾಣಪತ್ರದ ಅವಧಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಯಾವುದಾದರೊಂದು ಆಂಬುಲೆನ್ಸ್ ಸೇವೆಯಲ್ಲಿ ಇಲ್ಲದವಳಿಗೆ ಅದು ನವೀಕರಣವಾಗುವುದಿಲ್ಲ. ನಿಮ್ಮ ಮುದ್ರೆ ನೋಡಿದ ಯಾವ ಸೇವೆಯೂ ನನ್ನನ್ನು ಸೇರಿಸಿಕೊಳ್ಳುವುದಿಲ್ಲ. ಏಪ್ರಿಲ್ ಒಂದಕ್ಕೆ ನಾನು ಎದೆ ಒತ್ತಲು ಬಲ್ಲ, ಒತ್ತಲು ಹಕ್ಕಿಲ್ಲದ ಗೃಹಿಣಿ.

ಆದ್ದರಿಂದ ಕೇಳುತ್ತೇನೆ, ಬೇಡುತ್ತಿಲ್ಲ. ಆ ಒಂಬತ್ತೂ ಮುದ್ರೆಗಳನ್ನು ಅಳಿಸಿ, ಪ್ರತಿಯೊಬ್ಬರನ್ನೂ ಒಬ್ಬ ಮನುಷ್ಯನ ಮುಂದೆ ಕೂರಿಸಿ ವಿಚಾರಿಸಿ. ತಾತ್ಕಾಲಿಕರಿಗೂ ಮೇಲ್ಮನವಿಯ ಹಕ್ಕು ಕೊಡಿ. ಬರುವ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನಾನು ಸಮವಸ್ತ್ರದಲ್ಲಿ ನಿಮ್ಮ ಕಚೇರಿಗೆ ಬರುತ್ತೇನೆ. ಭೇಟಿಯ ಸಮಯ ಕೊಡದಿದ್ದರೆ ಕೊಡುವವರೆಗೆ ಕೂತಿರುತ್ತೇನೆ. ಇಂಥದೇ ಸಂದರ್ಭ ಮತ್ತೆ ಬಂದರೆ ಏನು ಮಾಡುತ್ತೀ ಎಂದು ನೀವು ಖಂಡಿತ ಕೇಳುತ್ತೀರಿ. ನಿಮ್ಮ ಹೊತ್ತು ಉಳಿಯಲೆಂದು ಈಗಲೇ ಹೇಳಿಬಿಡುತ್ತೇನೆ: ಶೂ ಕವರ್ ಕೊಟ್ಟಿದ್ದರೆ ತೊಟ್ಟುಕೊಳ್ಳುತ್ತೇನೆ. ಕೊಟ್ಟಿಲ್ಲದಿದ್ದರೆ, ಒಳಗೆ ಒಬ್ಬರ ಉಸಿರು ನಿಲ್ಲುತ್ತಿದ್ದರೆ, ಬಿಚ್ಚುತ್ತೇನೆ. ಈ ಉತ್ತರವನ್ನು ಪೂರ್ತಿ ಕೇಳಿಸಿಕೊಂಡು, ತಿಳಿದೂ ತಿಳಿದೂ, ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳಿ.

ಇಂತಿ,
ಕೆಲಸ ಬಲ್ಲ, ಸದ್ಯಕ್ಕೆ ಕೆಲಸ ಇಲ್ಲದ
ನಯೀಮಾ
ತುರ್ತು ವೈದ್ಯಕೀಯ ಸಹಾಯಕಿ, ಮಾರ್ಚ್ 31ರ ತನಕ