ನಿನ್ನ ಗಡಿಯವರೆಗೆ ರಸ್ತೆ

ರೂಪಿ,

ನೀನು ಮಾತು ಬಿಟ್ಟ ಮೇಲೆ ಹುಣಸೂರಿನ ಸೈಬರ್ ಸೆಂಟರಿಗೆ ಇವತ್ತೇ ಮೊದಲು ಹೋದದ್ದು. ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ ನಮ್ಮ ಊರು ಕಟ್ಟುವ ಆಟ ಇನ್ನೂ ಇದೆ. ಸರದಿ ಪ್ರಕಾರ ಆಡುವ ಆಟವಲ್ಲವೇ, ನಿನ್ನ ಸರದಿಯನ್ನೂ ನಾನೇ ಆಡಿದೆ.

ನಿನ್ನೂರನ್ನು ನೀನು ಇಡುತ್ತಿದ್ದ ಹಾಗೆಯೇ ಹೊಳೆಯ ತಿರುವಿನಲ್ಲಿಟ್ಟೆ. ನನ್ನದನ್ನು ಎಂದಿನಂತೆ ಅದರ ಮಗ್ಗುಲಿಗೇ ಇಡಲು ಹೋದೆ, ನಿನ್ನ ಗೊಣಗಾಟ ನೆನಪಾಯಿತು: "ಇಷ್ಟ್ ಹತ್ರ ಬಂದು ಕೂತ್ಬುಟ್ರೆ ನನ್ನೂರು ಎತ್ಲಾಗೆ ಬೆಳೀಬೇಕು ಕಣೇ? ನನ್ ಹೊಲಾನೆಲ್ಲ ನೀನೇ ಉತ್ಕೋತೀಯ!"

ಆಗೆಲ್ಲ ನಾನು ನಗುತ್ತಿದ್ದೆ. ಕಾಲೇಜಿನಲ್ಲೂ ನಿನ್ನ ಬೆಂಚೇ, ನಿನ್ನ ಗೆಳತಿಯರೇ ನನಗೆ ಬೇಕಿತ್ತು.

ಇವತ್ತು ದೂರ ಹೋಗಿ ಗುಡ್ಡದ ಬುಡದಲ್ಲಿ ಕಟ್ಟಿದೆ. ನಡುವೆ ಬೇಕಾದಷ್ಟು ಬಯಲು ಬಿಟ್ಟೆ. ನೋಡುನೋಡುತ್ತ ಎರಡೂ ಊರು ಬೆಳೆದವು ಕಣೇ! ನಿನ್ನಲ್ಲಿ ಸಂತೆ ಬಂತು, ನನ್ನಲ್ಲಿ ಗ್ರಂಥಾಲಯ ಎದ್ದಿತು.

ಆಮೇಲೆ ನನ್ನೂರಿನಿಂದ ನಿನ್ನ ಗಡಿಯವರೆಗೆ ರಸ್ತೆ ಹಾಕಿಸಿದೆ. ಗಡಿಯಾಚೆ ಹಾಕುವ ಹಕ್ಕು ನನಗಿಲ್ಲ, ಅದು ಆಟದ ನಿಯಮ. ನಿನ್ನ ಸರದಿ ಬಂದಾಗ ನಿನ್ನ ಪರವಾಗಿ ನಾನೇ ಹಾಕಿಬಿಡಬಹುದಿತ್ತು. ಹಾಕಲಿಲ್ಲ. ಈ ಪತ್ರವನ್ನು ಅಂಚೆಗೆ ಹಾಕದಿರುವುದೂ ಅದಕ್ಕೇ.

ಆಟವನ್ನು ನಿನ್ನ ಹೆಸರಿನಲ್ಲಿ ಸೇವ್ ಮಾಡಿ ಬಂದಿದ್ದೇನೆ. ಈಗ ಸರದಿ ನಿನ್ನದು.